ಅತ್ತೆ ಉಗಿದರೆ ಅಲಂಕಾರ

ಅಗ್ನಿಶಾಮಕ ಠಾಣೆಯ ದೊಡ್ಡ ಗಾಡಿಯ ಡ್ರೈವರನಿಗೆ ಪಿಸುಮಾತು ಬರುತ್ತಿರಲಿಲ್ಲ. ಅದು ಅವನ ತಪ್ಪಲ್ಲ. ಮದುವೆಯಾದ ಹೊಸದರಲ್ಲಿ ಅವನಿಗೆ ಸಿಕ್ಕಿದ ಕ್ವಾರ್ಟರ್ಸು ಠಾಣೆಯ ಮೇಲ್ಮಹಡಿಯ ಒಂದು ಕೋಣೆ. ಅದರ ನೆತ್ತಿಯ ಮೇಲೆಯೇ ಸೈರನ್ನು. ಬೆಂಕಿ ಬಿದ್ದರೆ ಅದು ಕೂಗುತ್ತಿತ್ತು, ಬೆಳಿಗ್ಗೆ ಪರೇಡಿಗೆ ಕೂಗುತ್ತಿತ್ತು, ಮಧ್ಯಾಹ್ನ ಊಟಕ್ಕೆ ಕೂಗುತ್ತಿತ್ತು, ಒಮ್ಮೊಮ್ಮೆ ಕಾಗೆ ಕೂತರೂ ಕೂಗುತ್ತಿತ್ತು. ಗಂಡ ಹೆಂಡತಿ ಪ್ರೀತಿಯ ಮಾತನ್ನೂ ಕಿರುಚಿಯೇ ಆಡಬೇಕಿತ್ತು. "ನಿನ್ನ ಕಣ್ಣು ಚೆನ್ನಾಗಿದೆ ಕಣೇ" ಎಂದು ಅವನು ಒಂದು ದಿನ ಕಿರುಚಿದಾಗ ಕೆಳಗೆ ಪರೇಡಿನಲ್ಲಿ ನಿಂತಿದ್ದವರೆಲ್ಲ ಒಟ್ಟಿಗೆ "ಯೆಸ್ ಸಾರ್" ಎಂದಿದ್ದರು.

ಆಮೇಲೆ ಅವರಿಗೆ ಕೆಳಗಿನ ಸಾಲಿನ ಮೂಲೆಮನೆ ಸಿಕ್ಕಿತು. ಎರಡು ಕೋಣೆ, ಸ್ವಂತ ನಲ್ಲಿ, ಮುಂದೆ ಒಂದು ತುಂಡು ಮಣ್ಣು. ಆದರೆ ಗಂಟಲು ಮೇಲ್ಮಹಡಿಯ ಗಂಟಲಾಗಿಯೇ ಉಳಿಯಿತು. ಅವನು ಗುಟ್ಟು ಹೇಳಿದರೆ ಗೇಟಿನ ಕಾವಲುಗಾರ ಉತ್ತರ ಕೊಡುತ್ತಿದ್ದ. ಡೀಸೆಲ್ ಹಾಕಿಸಲು ಹೋಗುವಾಗಲೂ ಗಾಡಿಯ ಗಂಟೆ ಬಾರಿಸಿಕೊಂಡೇ ಹೋಗುತ್ತಿದ್ದುದರಿಂದ ಎಲ್ಲರೂ ಅವನನ್ನು ಗಂಟೆಯಪ್ಪ ಎಂದು ಕರೆಯುತ್ತಿದ್ದರು.

ಮೂಲೆಮನೆಗೆ ಬಂದ ದಿನವೇ ಹೆಂಡತಿ ಸ್ಪಷ್ಟವಾಗಿ ಹೇಳಿದ್ದಳು. "ನೋಡ್ರೀ, ಮತ್ತೆ ಆ ಸೈರನ್ ಕೋಣೆಗೆ ಹೋಗೋ ಹಾಗಾದ್ರೆ ನೀವೊಬ್ರೇ ಹೋಗಿ. ನಾನು ಈ ಬಾಗಿಲಿನ ಚಿಲಕ ಹಿಡ್ಕೊಂಡು ಇಲ್ಲೇ ನೇತಾಡ್ತೀನಿ."

ಎಲ್ಲಾ ಸರಿಯಾಗಿಯೇ ಇತ್ತು, ಕುಂಬಳ ಬರುವ ತನಕ.

ಹೆಂಡತಿ ಮುಂದಿನ ಮಣ್ಣಿನಲ್ಲಿ ಒಂದು ಕುಂಬಳದ ಬೀಜ ಊರಿದ್ದಳು. ಆ ವರ್ಷ ಊರಿನ ಜನಕ್ಕೆ ಏನಾಗಿತ್ತೋ, ಬಹಳ ದಿನ ಯಾರ ಮನೆಗೂ ಬೆಂಕಿ ಬೀಳಲಿಲ್ಲ. ದೊಡ್ಡ ಗಾಡಿ ನಿಂತಲ್ಲೇ ನಿಂತಿತು. ಬಳ್ಳಿ ಗಾಡಿಯ ಚಕ್ರ ಹಿಡಿಯಿತು, ಮೆಟ್ಟಿಲು ಹತ್ತಿತು, ಏಣಿಗೆ ಸುತ್ತಿಕೊಂಡಿತು, ನೀರಿನ ಕೊಳವೆಯ ಪಕ್ಕ ಒಂದು ಕಾಯಿಯನ್ನೂ ಬಿಟ್ಟಿತು. ಕೊನೆಗೊಂದು ದಿನ ಬಟ್ಟೆ ಅಂಗಡಿಗೆ ಬೆಂಕಿ ಬಿತ್ತು. ಗಂಟೆಯಪ್ಪ ಗಂಟೆ ಬಾರಿಸಿಕೊಂಡು ಹೊರಟ. ಹಿಂದೆ ಬಳ್ಳಿ ಬೀದಿಯುದ್ದಕ್ಕೂ ಎಳೆದುಕೊಂಡು ಬಂತು. ಉರಿಯುವ ಅಂಗಡಿಯ ಮುಂದೆ ಅಳುತ್ತಾ ನಿಂತಿದ್ದ ಮಾಲೀಕ ಕೊಳವೆಯ ಪಕ್ಕ ತೂಗುತ್ತಿದ್ದ ಕುಂಬಳಕಾಯಿ ನೋಡಿ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ. ಫೋಟೋದಲ್ಲಿ ಬೆಂಕಿ ಚಿಕ್ಕದು, ಕುಂಬಳ ದೊಡ್ಡದು.

ಠಾಣೆಯ ಸಾಹೇಬರು ಶಿಸ್ತಿನ ಮನುಷ್ಯ. ಅಂದರೆ ಬೇರೆಯವರ ಶಿಸ್ತಿನ ಬಗ್ಗೆ ಬಹಳ ಕಾಳಜಿ ಇದ್ದವರು. ಅವತ್ತೇ ಆಜ್ಞೆ ಹೊರಡಿಸಿದರು. ಇನ್ನು ಮುಂದೆ ಕ್ವಾರ್ಟರ್ಸಿನ ಮುಂದೆ ತರಕಾರಿ ಬೆಳೆಯಕೂಡದು, ಅಲಂಕಾರದ ಗಿಡ ಮಾತ್ರ. ಮೀರಿದವರು ಮೇಲ್ಮಹಡಿಯ ಸೈರನ್ ಕೋಣೆಗೆ.

ಈ ಮಾತು ಕೇಳಿ ಸಂತೋಷಪಟ್ಟವನು ಏಣಿ ಎಂಬವನೊಬ್ಬನೇ. ಗಾಡಿಯ ಏಣಿ ಹತ್ತುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಆಗ ಸೈರನ್ ಕೋಣೆಯಲ್ಲಿದ್ದವನು ಅವನೇ. ಕೆಳಗೆ ಮೆಟ್ಟಿಲ ಬುಡದಲ್ಲಿ ಅವನ ಪಾಲಿನ ಮಣ್ಣು ಇತ್ತು. ಅದರಲ್ಲಿ ಒಣಗಿದ ಮುಖದ ಒಂದು ಕ್ರೋಟನ್ ಗಿಡ ನೆಟ್ಟು, ದಿನವೂ ಮೂಲೆಮನೆಯನ್ನು ನೋಡಿ ಉಸಿರು ಬಿಡುತ್ತಿದ್ದ.

ಗಂಟೆಯಪ್ಪನ ಹೆಂಡತಿ ಕುಂಬಳದ ಬೀಜ ತೆಗೆದು ಒಣಗಿಸಿ ಡಬ್ಬಿಗೆ ಹಾಕಿ, ಗಂಡನನ್ನು ಗಿಡ ಮಾರುವವನ ಹತ್ತಿರ ಅಟ್ಟಿದಳು. "ಹೂವಿನ ಗಿಡಾನೇ ತನ್ನಿ. ಆದ್ರೆ ತಿನ್ನೋ ಹಾಗಿರ್ಬೇಕು."

"ಹೂವು ತಿನ್ನೋಕಾಗುತ್ತೇನೇ?"

"ನೀವು ಮದ್ವೇಲಿ ಹಾರದ ಎಲೆ ಅಗೀತಾ ಕೂತಿರ್ಲಿಲ್ವಾ? ಹೋಗಿ."

ಗಿಡ ಮಾರುವವನು ಇದೇನೂ ಹೊಸದಲ್ಲ ಎಂಬಂತೆ ಎದ್ದು ಒಂದೊಂದೇ ತೋರಿಸಿದ. ದೊಡ್ಡ ಗುಲಾಬಿಯ ಹಾಗೆ ಪದರಪದರವಾಗಿ ಅರಳುವ ಬಣ್ಣದ ಎಲೆಕೋಸು. ಬೆಂಕಿಯ ನಾಲಿಗೆಯಂಥ ಕೆಂಪು ದಂಟು. ನಕ್ಷತ್ರದ ಹಾಗೆ ಆಕಾಶ ನೋಡುವ ನೇರಳೆ ಮೆಣಸಿನಕಾಯಿ. ಎಳೆಹಸಿರು ಎಲೆಯ ಗೆಣಸಿನ ಬಳ್ಳಿ. "ಮೇಲೆ ನೋಡೋರಿಗೆ ತೋಟ, ಕೆಳಗೆ ಕೀಳೋರಿಗೆ ಊಟ" ಎಂದ. ಗಂಟೆಯಪ್ಪ ಎಲ್ಲವನ್ನೂ ತಂದು ನೆಟ್ಟ.

ಗಿಡಗಳೂ ಹಟ ತೊಟ್ಟವರ ಹಾಗೆ ಬೆಳೆದವು. ಒಂದು ಬೆಳಿಗ್ಗೆ ಸಾಹೇಬರು ಸುತ್ತು ಹಾಕುತ್ತಾ ಬಂದು ಮೂಲೆಮನೆಯ ಮುಂದೆ ನಿಂತುಬಿಟ್ಟರು.

"ಏನಯ್ಯಾ ಇದು? ಯಾವ ಹೂವು?"

ಕೋಸು ಎಂದರೆ ಮನೆ ಹೋಗುತ್ತದೆ. ಗಂಟೆಯಪ್ಪನ ತಲೆ ಗಾಡಿಯ ಹಾಗೆ. ಶುರುವಾಗುವುದು ತಡ, ಶುರುವಾದರೆ ನಿಲ್ಲುವುದಿಲ್ಲ. ಅಂಚಿನಲ್ಲಿ ನೆರಿಗೆ ನೆರಿಗೆಯಾಗಿದ್ದ ಆ ಎಲೆಗಳನ್ನು ನೋಡಿ ಬಾಯಿಗೆ ಬಂದದ್ದು ಹೇಳಿದ. "ಇದು... ರಾಣಿಲಂಗ ಸಾರ್."

"ರಾಣಿಲಂಗ! ಇದು?"

"ಅಗ್ನಿಜ್ವಾಲೆ ಸಾರ್." ಅದು ದಂಟು.

"ನಮ್ಮ ಇಲಾಖೆಗೆ ತಕ್ಕ ಗಿಡ! ನೋಡ್ರಯ್ಯಾ ಎಲ್ಲರೂ, ಅಭಿರುಚಿ ಅಂದ್ರೆ ಇದು. ಡ್ರೈವರ್ ಆದ್ರೇನು, ಸೌಂದರ್ಯ ಗೊತ್ತಿದೆ." ಸಾಹೇಬರು ನೇರಳೆ ನಕ್ಷತ್ರವೊಂದನ್ನು ಕಿತ್ತು ಹಿಸುಕಿ ಮೂಸಿದರು. ಆಮೇಲೆ ಕಣ್ಣು ಉಜ್ಜಿಕೊಂಡರು. ಆಮೇಲೆ ಬಹಳ ಹೊತ್ತು ಅತ್ತರು. ಅಧಿಕಾರಿಯೊಬ್ಬರು ಹೂವು ನೋಡಿ ಇಷ್ಟು ಅತ್ತದ್ದನ್ನು ಠಾಣೆಯವರು ಯಾರೂ ಕಂಡಿರಲಿಲ್ಲ; ಹಿರಿಯರೊಬ್ಬರು ಟೋಪಿ ತೆಗೆದರು. "ಪರಾಗ ಸ್ವಲ್ಪ ಜಾಸ್ತಿ ಸಾರ್" ಎಂದು ಗಂಟೆಯಪ್ಪ ಬಕೆಟ್ ನೀರು ತಂದುಕೊಟ್ಟ.

ಅವತ್ತಿನಿಂದ ಮನುಷ್ಯ ಕೆಟ್ಟ. ಹೊಗಳಿಕೆ ಕೇಳಿ ಅಭ್ಯಾಸವಿಲ್ಲದವನಿಗೆ ಹೊಗಳಿಕೆ ಸಿಕ್ಕಬಾರದು. ಗಾಡಿ ತೊಳೆಯುವ ಬ್ರಷ್ಷಿನಿಂದ ಕೋಸಿನ ಎಲೆ ಒರೆಸತೊಡಗಿದ. ಹೆಂಡತಿ ಅಡುಗೆಗೆ ಎರಡು ಎಲೆ ಮುರಿದರೆ ತನ್ನ ಮಗುವಿನ ಕಿವಿ ಹಿಂಡಿದರೋ ಎಂಬ ಹಾಗೆ ಕೂಗುತ್ತಿದ್ದ.

"ತಿನ್ನೋಕೆ ತಾನೇ ತಂದಿದ್ದು?"

"ಲೇ, ನಾಲ್ಕು ಜನ ನೋಡ್ತಾರೆ ಕಣೇ!"

"ನೋಡೋರು ಬಂದು ನಿಮ್ಗೆ ಊಟ ಹಾಕ್ತಾರಾ?"

ಕೊನೆಗೆ ರಾಜಿಯಾಯಿತು. ಹೊರಗಿನಿಂದ ಕಾಣದ ಹಿಂಬದಿಯ ಎಲೆಗಳನ್ನು ಮಾತ್ರ ಕೀಳಬಹುದು. ಹಾಗಾಗಿ ಗೇಟಿನಿಂದ ನೋಡಿದರೆ ಕೋಸುಗಳು ಅರಸರ ಹಾಗೆ ಕೂತಿದ್ದವು, ಒಳಗಿನಿಂದ ನೋಡಿದರೆ ಬರೀ ಬೆತ್ತಲೆ ಬೆನ್ನು.

ಇಂಥ ಹೊತ್ತಿನಲ್ಲಿ ಅತ್ತೆ ಬಂದರು.

ಅತ್ತೆ ಅಂದರೆ ಹೆಂಡತಿಯ ತಾಯಿ. ಗಟ್ಟಿ ಹಲ್ಲು, ಅದಕ್ಕಿಂತ ಗಟ್ಟಿ ಗಂಟಲು. ಬಸ್ಸಿಳಿದು ಗೇಟು ದಾಟಿ ಮನೆಯೊಳಗೆ ಬರುವಷ್ಟರಲ್ಲಿ ದಾರಿಯ ಎರಡೂ ಬದಿಯಲ್ಲಿ ಸಿಕ್ಕಿದ್ದನ್ನೆಲ್ಲ ಕಿತ್ತು ಬಾಯಿಗೆ ಹಾಕಿಕೊಂಡು, "ಗಿಡ ಚೆನ್ನಾಗಿದೆ ಅಳಿಯಂದಿರೇ, ಉಪ್ಪೊಂದು ಕಮ್ಮಿ" ಎಂದರು. ಅವರಿಗೆ ಹಿಂಬದಿ ಮುಂಬದಿ ಎಂಬ ಭೇದವಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಾ ಒಂದು ಸುತ್ತು, ಸಂಜೆ ಕಾಲಾಡಿಸುತ್ತಾ ಇನ್ನೊಂದು ಸುತ್ತು. ಒಂದು ವಾರದಲ್ಲಿ ಅಗ್ನಿಜ್ವಾಲೆ ಅರ್ಧ ಆರಿಹೋಯಿತು.

ಗಂಟೆಯಪ್ಪ ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ. ಅಂದರೆ ಅವನು ಪಿಸುಗುಟ್ಟಿದೆ ಎಂದುಕೊಂಡ.

"ನಿಮ್ಮಮ್ಮ ಮನುಷ್ಯರಾ ಮೇಕೆನಾ? ಕೋಸೂ ಖಾಲಿ, ದಂಟೂ ಖಾಲಿ! ಇದೆಲ್ಲಾ ತರಕಾರಿ ಅಂತ ಸಾಹೇಬ್ರಿಗೆ ಗೊತ್ತಾದ್ರೆ ನಮ್ಮ ಗತಿ ಏನು? ಯಾವಾಗ ಊರಿಗೆ ಹೋಗ್ತಾರಂತೆ?"

ಹೊರಗೆ ಜಗುಲಿಯಲ್ಲಿ ಕೂತಿದ್ದ ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಬೀದಿಯಾಚೆ ಕ್ರೋಟನ್ ಗಿಡಕ್ಕೆ ನೀರು ಹಾಕುತ್ತಿದ್ದ ಏಣಿ ನೀರು ಹಾಕುವುದನ್ನು ನಿಲ್ಲಿಸಿದ. ಗೇಟಿನಿಂದ ಕಾವಲುಗಾರ, "ನಾಳಿದ್ದು ಬಸ್ಸಿದೆ ಕಣಣ್ಣಾ" ಎಂದ.

ಮಧ್ಯಾಹ್ನದ ಹೊತ್ತಿಗೆ ಏಣಿ ಸಾಹೇಬರ ಮೇಜಿನ ಮುಂದೆ ನಿಂತಿದ್ದ. "ಸಾರ್, ರಾಣಿಲಂಗ ಅಲ್ಲ ಸಾರ್ ಅದು. ಕೋಸು! ಮೂಲೆಮನೆ ಮುಂದೆ ಇರೋದೆಲ್ಲಾ ತರಕಾರಿ."

ಗಂಟೆಯಪ್ಪನಿಗೆ ಕರೆ ಹೋಯಿತು. ಅವನು ಬಂದು, ಸುಳ್ಳು ಹೇಳುವವರೆಲ್ಲ ನಿಲ್ಲುವ ಹಾಗೆ ತುಂಬ ನೆಟ್ಟಗೆ ನಿಂತ. "ಅಲಂಕಾರ ಸಾರ್. ಪಕ್ಕಾ ಅಲಂಕಾರ."

"ತರಕಾರಿ ಸಾರ್!"

ಸಾಹೇಬರು ತಲೆ ಹಿಡಿದುಕೊಂಡರು. ಹೂವು ಎಂದುಕೊಂಡು ತರಕಾರಿಯ ಮುಂದೆ ಅತ್ತದ್ದು ನಿಜವಾದರೆ ತಮ್ಮ ಮಾನ ಏನಾಗಬೇಕು? "ತರಕಾರಿ ಅಂತ ಹೇಗೆ ಹೇಳ್ತೀಯ?"

"ತಿಂದ್ರೆ ತರಕಾರಿ ಸಾರ್."

"ಹಾಗಾದ್ರೆ ತಿಂದು ತೋರಿಸೋ!" ಎಂದ ಗಂಟೆಯಪ್ಪ.

"ನಾನ್ಯಾಕೆ ತಿನ್ಲಿ? ವಿಷ ಇದ್ರೆ ನನ್ನ ಹೆಂಡತಿ ಮಕ್ಕಳನ್ನ ನೀನು ಸಾಕ್ತೀಯಾ?"

"ನಾನು ತಿಂದು ಹೇಳ್ತೀನಿ ಬಿಡಿ" ಎಂಬ ದನಿ ಬಂತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅಳಿಯನ ಊಟದ ಡಬ್ಬಿ ಕೊಡಲು ಬಂದವರು ಬಾಗಿಲ ಬಳಿಯಿದ್ದ ಸಾಹೇಬರ ಹೂದಾನಿಯ ಗುಲಾಬಿಯಲ್ಲಿ ಆಗಲೇ ಮೂರು ಪಕಳೆ ಮುಗಿಸಿದ್ದರು. "ನಂಗೆ ಇಂಥದ್ದು ಆಗಲ್ಲ ಅನ್ನೋದಿಲ್ಲ. ತಿನ್ನೋದಾದ್ರೆ ನುಂಗ್ತೀನಿ, ಅಲ್ದಿದ್ರೆ ಉಗೀತೀನಿ."

"ನೀವು ಇವನ ಅತ್ತೆ ಅಲ್ವೇನಮ್ಮಾ? ಅಳಿಯನ ಪರ ಹೇಳೋದಿಲ್ಲ ಅಂತ ಏನು ಗ್ಯಾರಂಟಿ?"

ಏಣಿಯೇ ಮುಂದೆ ಬಂದ. "ಗ್ಯಾರಂಟಿ ನಾನು ಸಾರ್. ಇವತ್ತು ಬೆಳಿಗ್ಗೆ ಇವನು ಇವರನ್ನ ಮೇಕೆ ಅಂದಿದ್ದಾನೆ. ಇಡೀ ಕ್ವಾರ್ಟರ್ಸ್ ಕೇಳಿದೆ. ಇವರಿಗೆ ಇವನ ಮೇಲೆ ಚೂರೂ ಪ್ರೀತಿ ಇಲ್ಲ."

"ಹೌದೇನಮ್ಮಾ?"

"ಒಂದು ಕಾಳಿನಷ್ಟೂ ಇಲ್ಲ" ಎಂದರು ಅತ್ತೆ.

ಇದಕ್ಕಿಂತ ನಿಷ್ಪಕ್ಷಪಾತ ಎಲ್ಲಿ ಸಿಗಬೇಕು? ಸಾಹೇಬರು ಮೇಜು ಕುಟ್ಟಿ ತೀರ್ಮಾನ ಹೇಳಿದರು. ನಾಳೆ ಬೆಳಿಗ್ಗೆ ಪರೇಡ್ ಮುಗಿದ ಮೇಲೆ ಅತ್ತೆಯವರು ಒಂದೊಂದು ಮನೆಯ ಮುಂದಿನ ಗಿಡವನ್ನೂ ರುಚಿ ನೋಡತಕ್ಕದ್ದು. ಅತ್ತೆ ತಿಂದರೆ ತರಕಾರಿ, ಉಗಿದರೆ ಅಲಂಕಾರ. ಬೆಂಕಿ ಇಲಾಖೆಯ ಇತಿಹಾಸದಲ್ಲಿ ಇಷ್ಟು ಚಿಕ್ಕ, ಇಷ್ಟು ಸ್ಪಷ್ಟ ಕಾನೂನು ಬೇರೆ ಇರಲಾರದು.

ಗಂಟೆಯಪ್ಪನಿಗೆ ಮನೆಯ ಚಿಲಕದಲ್ಲಿ ನೇತಾಡುವ ಹೆಂಡತಿ ಕಣ್ಣಿಗೆ ಕಟ್ಟಿದಳು. ಅತ್ತೆಯ ಕಾಲು ಹಿಡಿಯಲೇಬೇಕು. ಆದರೆ ಎಲ್ಲಿ? ಮನೆಯಲ್ಲಿ ಹಿಡಿದರೆ ಊರಿಗೇ ಕೇಳುತ್ತದೆ. ಅವನು ಬಹಳ ಯೋಚಿಸಿ, ಸಂಜೆ ಅತ್ತೆಯನ್ನು ದೊಡ್ಡ ಗಾಡಿಯ ಮುಂದಿನ ಸೀಟಿಗೆ ಹತ್ತಿಸಿ, ಗಾಜು ಏರಿಸಿ, ಎಂಜಿನ್ ಚಾಲೂ ಮಾಡಿದ. ಆ ಸದ್ದಿನಲ್ಲಿ ಬಾಂಬು ಬಿದ್ದರೂ ಹೊರಗೆ ಕೇಳುವಂತಿರಲಿಲ್ಲ.

"ಅತ್ತೇ, ತಪ್ಪಾಯ್ತು! ನಾಳೆ ನಮ್ಮನೆ ಗಿಡ ಉಗಿದುಬಿಡಿ!"

"ಬಾಯಿಗೆ ಹಾಕ್ಕೊಂಡಿದ್ದನ್ನ ಉಗಿದವಳಲ್ಲ ನಾನು! ಮೇಕೆ ಎಲ್ಲಾದ್ರೂ ಉಗಿಯುತ್ತಾ ಅಳಿಯಂದಿರೇ?"

"ನಾನೇ ಮೇಕೆ! ನಾನು ಕತ್ತೆ! ನಿಮ್ಮ ಮಗಳ ಮುಖ ನೋಡಿ! ಅವಳು ಮತ್ತೆ ಆ ಸೈರನ್ ಕೆಳಗೆ ಹೋಗ್ಬೇಕಾ?"

ಅತ್ತೆ ಮಗಳ ಹೆಸರು ಬಂದಾಗ ಸ್ವಲ್ಪ ಮೆತ್ತಗಾದರು. ಸುತ್ತ ಕಣ್ಣಾಡಿಸಿದರು. "ಆಯ್ತು. ಉಗೀತೀನಿ. ಚೆನ್ನಾಗಿ ಉಗೀತೀನಿ. ಆದ್ರೆ ಆ ಗಂಟೆ ಒಂದ್ಸಲ ನಾನು ಬಾರಿಸ್ಬೇಕು."

"ಅದು ಬೇಡ ಅತ್ತೆ..." ಎನ್ನುವಷ್ಟರಲ್ಲಿ ಬಾರಿಸಿಯಾಗಿತ್ತು. ಠಾಣೆಯವರೆಲ್ಲ ಹೆಲ್ಮೆಟ್ ಹಾಕಿಕೊಂಡು ಓಡಿಬಂದು ಗಾಡಿ ಹತ್ತಿದರು. ಏಣಿ ಅರ್ಧ ಮುಖಕ್ಕೆ ಸೋಪಿನ ನೊರೆ ಇಟ್ಟುಕೊಂಡೇ ಏಣಿಯ ತುದಿಗೆ ಹತ್ತಿ ನಿಂತಿದ್ದ. ಅತ್ತೆ ಕೆಳಗಿಳಿದು, "ಏನಿಲ್ಲ, ಕೆಲಸ ಮಾಡುತ್ತಾ ನೋಡ್ದೆ" ಎಂದು ಸೆರಗು ಕೊಡವಿಕೊಂಡು ಹೋದರು.

ಮರುದಿನ ಪರೇಡ್ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಹೆಂಗಸರು ಮಕ್ಕಳು ಬಾಗಿಲಲ್ಲಿ. ಅತ್ತೆ ತೊಳೆದ ಸೀರೆ ಉಟ್ಟು, ಬಾಯಿ ಮುಕ್ಕಳಿಸಿ, ಕೈಯಲ್ಲಿ ಒಂದು ಚಿಟಿಕೆ ಉಪ್ಪು ಹಿಡಿದುಕೊಂಡು ಹೊರಟರು.

ಸಾಲಿನ ಮೊದಲ ಮನೆ ಸಾಹೇಬರದೇ. ಅತ್ತೆ ಅವರ ಗುಲಾಬಿಯ ದಳ ತಿಂದರು. ಕೆಂಪು ದಾಸವಾಳ ತಿಂದರು. ಡೇಲಿಯಾ, ಅಂದರೆ ಡೇರೆ ಹೂವಿನ ಬುಡ ಕೆದರಿ, ಗೆಡ್ಡೆ ಮುರಿದು, ಉಪ್ಪು ಹಚ್ಚಿಕೊಂಡು ಕಟಕಟ ಅಗಿದರು. "ಎಲ್ಲಾ ತರಕಾರಿ. ಅದರಲ್ಲೂ ಈ ಗೆಡ್ಡೆ ಬಹಳ ರುಚಿ."

ಕಿಟಕಿಯಲ್ಲಿ ಸಾಹೇಬರ ಹೆಂಡತಿಯ ಮುಖ ಕಂಡಿತು, ಆಮೇಲೆ ಕಿಟಕಿ ಧಡಾರೆಂದು ಮುಚ್ಚಿತು. ಸಾಹೇಬರು ಗಂಟಲು ಸರಿಮಾಡಿಕೊಂಡು, "ಈ ಮನೆ ಲೆಕ್ಕಕ್ಕಿಲ್ಲ, ಇದು ಮಾದರಿಗೆ ಮಾತ್ರ" ಎಂದರು. ಆಜ್ಞೆ ಬರೆಯುವವನು ತನ್ನ ಮನೆಯ ಮುಂದೆ ಬಂದಾಗ ಪೆನ್ನಿನ ಮುಚ್ಚಳ ಹಾಕುವುದು ಜನ ಕಾಣದ ಸಂಗತಿಯೇನಲ್ಲ.

ಮುಂದೆ ಏಣಿಯ ಕ್ರೋಟನ್. ಅತ್ತೆ ಅದನ್ನು ಮುಟ್ಟಲೂ ಇಲ್ಲ. "ಇದನ್ನ ಬಾಯಿಗೆ ಹಾಕ್ಕೊಂಡ್ರೆ ಆಸ್ಪತ್ರೆ. ಇದು ತಿನ್ನೋಕೂ ಆಗಲ್ಲ, ನೋಡೋಕೂ ಆಗಲ್ಲ. ಅಲಂಕಾರ!" ಏಣಿ ಎದೆಯುಬ್ಬಿಸಿದ.

ಕೊನೆಗೆ ಮೂಲೆಮನೆ. ಗಂಟೆಯಪ್ಪನ ಹೆಂಡತಿ ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. ಅತ್ತೆ ಬಗ್ಗಿ, ಮುಂಬದಿಯ ಅತ್ಯಂತ ಚೆಂದದ ರಾಣಿಲಂಗದ ಎಲೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು.

"ಥೂ!"

ಎಲೆ ಏಣಿಯ ಬೂಟಿನ ಮೇಲೆ ಹೋಗಿ ಬಿತ್ತು. ಗಂಟೆಯಪ್ಪನ ಹೆಂಡತಿ ಚಿಲಕ ಬಿಟ್ಟು ಕೈ ಮುಗಿದಳು. ಮನೆ ಉಳಿಯಿತು. ಸಾಹೇಬರ ಮಾನವೂ ಉಳಿಯಿತು; ಅವರು "ಅಲಂಕಾರ!" ಎಂದು ಕೂಗಲು ಬಾಯಿ ತೆರೆದರು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅತ್ತೆ ಚೆನ್ನಾಗಿ ಉಗಿಯುತ್ತೇನೆ ಎಂದು ಮಾತು ಕೊಟ್ಟಿದ್ದರು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವರು.

"ಥೂ! ಥೂ! ಹಳೇ ಚಪ್ಪಲಿ ಅಗಿದ ಹಾಗಿದೆ!"

ಗಂಟೆಯಪ್ಪನ ಮುಖದ ನಗು ಸ್ವಲ್ಪ ಸರಿಯಿತು.

ಅತ್ತೆ ದಂಟಿನ ಎಲೆ ಬಾಯಿಗಿಟ್ಟರು. "ಥೂ! ಇದು ಒದ್ದೆ ಗೋಣಿಚೀಲ! ದನಾನೂ ಮೂಸಲ್ಲ ಇದನ್ನ."

ಗಂಟೆಯಪ್ಪನ ಕಿವಿ ಕೆಂಪಾಯಿತು. "ಸಾಕು ಅತ್ತೆ" ಎಂದ.

"ಇನ್ನೂ ಇದೆ ಇರಿ ಅಳಿಯಂದಿರೇ. ಗಿಡ ಅಂದ್ರೆ ಗಿಡಾನಾ ಇದು? ಇದನ್ನ ಬೆಳೆದ ಕೈಗೆ ಏನು ಬರುತ್ತೆ ಅಂತೀನಿ! ಬೆಳೆಯೋಕೂ ಒಂದು ಯೋಗ್ಯತೆ ಬೇಕು. ಆ ಸಾಹೇಬ್ರ ಗೆಡ್ಡೆ ಎಲ್ಲಿ, ಈ ಕಸ ಎಲ್ಲಿ!"

ಬ್ರಷ್ಷಿನಿಂದ ಎಲೆ ಒರೆಸಿದ ಮನುಷ್ಯ ಅವನು. ದಿನಾ ಬೆಳಿಗ್ಗೆ ಎದ್ದು ಹೆಂಡತಿಯ ಮುಖ ನೋಡುವ ಮೊದಲು ಕೋಸಿನ ಮುಖ ನೋಡಿದವನು. ಸೈರನ್ ಕೋಣೆ ಮರೆತುಹೋಯಿತು, ಚಿಲಕ ಮರೆತುಹೋಯಿತು. ಮೇಲ್ಮಹಡಿಯ ಹಳೆಯ ಗಂಟಲು ಪೂರ್ತಿ ತೆರೆದುಕೊಂಡಿತು.

"ಏನ್ರೀ ಕಸ? ಯಾವುದು ಚಪ್ಪಲಿ? ಬೆಣ್ಣೆ ಇದ್ದ ಹಾಗಿದೆ ನನ್ನ ಕೋಸು! ಮೊನ್ನೆ ಹುರಿದು ಹಾಕಿದಾಗ ಬಾಣಲೆ ಕೆರೆದು ತಿಂದಿದ್ದು ಯಾರು? ಸಾರ್, ಇವರು ಸುಳ್ಳು ಹೇಳ್ತಿದ್ದಾರೆ! ಒಂದೆಲೆ ನೀವೇ ತಿಂದು ನೋಡಿ ಸಾರ್! ಈ ಊರಲ್ಲಿ ಇಂಥ ಕೋಸು ಬೆಳೆದವನು ಇದ್ರೆ ತೋರಿಸಿ!"

ಅವನ ಮಾತು ಮುಂದಿನ ಬೀದಿಯ ಗೋಡೆಗೆ ಬಡಿದು ವಾಪಸ್ ಬಂತು. "ತೋರಿಸಿ" ಎಂಬ ಕೊನೆಯ ಪದ ಎಲ್ಲರಿಗೂ ಎರಡು ಸಲ ಕೇಳಿಸಿತು. ಏಣಿ ತನ್ನ ಬೂಟಿನ ಮೇಲಿದ್ದ ಎಲೆಯನ್ನು ಪ್ರೀತಿಯಿಂದ ಎತ್ತಿ ಜೇಬಿಗೆ ಹಾಕಿಕೊಂಡ.

"ನಾನು ಉಗಿದೆ" ಎಂದರು ಅತ್ತೆ, ಮಗಳ ಕಡೆ ತಿರುಗಿ. "ನುಂಗಿದ್ದು ನಿನ್ನ ಗಂಡ."

ಅವತ್ತು ಸಂಜೆಯೇ ಸಾಮಾನು ಸಾಗಿತು. ಏಣಿ ಇಳಿದ, ಗಂಟೆಯಪ್ಪ ಹತ್ತಿದ. ಮೆಟ್ಟಿಲ ನಡುವೆ ಇಬ್ಬರ ಮಂಚಗಳೂ ಸಿಕ್ಕಿಹಾಕಿಕೊಂಡು, ಅದನ್ನು ಬಿಡಿಸಲು ಅಗ್ನಿಶಾಮಕ ದಳವೇ ಬೇಕಾಯಿತು. ಹೆಂಡತಿ ಹೇಳಿದಂತೆ ಚಿಲಕ ಹಿಡಿದು ನೇತಾಡಲಿಲ್ಲ. ಚಿಲಕವನ್ನೇ ಕಿತ್ತುಕೊಂಡು ಬಂದಳು. ಗಂಡನ ಜೊತೆ ಮಾತು ಬಿಟ್ಟಳು. ಬಿಟ್ಟದ್ದು ಅವನಿಗೆ ಗೊತ್ತಾಗಲಿ ಎಂದು ದಿನಕ್ಕೆ ಹತ್ತು ಸಲ, "ನಾನು ನಿಮ್ಮ ಜೊತೆ ಮಾತಾಡ್ತಿಲ್ಲ!" ಎಂದು ಸೈರನ್ನಿಗಿಂತ ಗಟ್ಟಿಯಾಗಿ ಕಿರುಚುತ್ತಿದ್ದಳು.

ಅತ್ತೆ ಸುಮ್ಮನೆ ಕೂರಲಿಲ್ಲ. ಮಗಳ ಡಬ್ಬಿಯಲ್ಲಿದ್ದ ಹಳೆಯ ಕುಂಬಳದ ಬೀಜ ತೆಗೆದು, ತಾರಸಿಯಲ್ಲಿ ಒಡಕು ಬಕೆಟ್ಟಿನಲ್ಲಿ ಮಣ್ಣು ತುಂಬಿ ಊರಿದರು. ಆಜ್ಞೆಯಲ್ಲಿ ಇದ್ದದ್ದು ಮನೆಯ ಮುಂದೆ ಎಂದು. ನೆತ್ತಿಯ ಮೇಲೆ ಎಂದು ಯಾರೂ ಬರೆದಿರಲಿಲ್ಲ. ಬಳ್ಳಿ ಸುತ್ತ ನೋಡಿತು. ಹತ್ತಲು ಅಲ್ಲಿ ಇದ್ದದ್ದು ಒಂದೇ. ಕಂಬ ಹಿಡಿದು ಹತ್ತಿ, ಸೈರನ್ನಿನ ಬಾಯಿಯೊಳಗೆ ನುಗ್ಗಿ, ಅಲ್ಲೇ ಒಂದು ಕಾಯಿ ಬಿಟ್ಟಿತು, ಕಾಯಿ ದಿನದಿನಕ್ಕೂ ಊದಿಕೊಂಡಿತು. ಒಂದು ಬೆಳಿಗ್ಗೆ ಪರೇಡಿಗೆ ಸೈರನ್ ಕೂಗಲು ಹೋಗಿ, ಎಮ್ಮೆ ಸೀನಿದ ಹಾಗೆ ಒಂದು ಸದ್ದು ಮಾಡಿ ನಿಂತುಹೋಯಿತು.

ಅವತ್ತೇ ರಾತ್ರಿ ಊರಾಚೆ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಫೋನ್ ಬಂತು, ಸೈರನ್ ಸೀನಿತು, ಯಾರೂ ಏಳಲಿಲ್ಲ. ಅತ್ತೆ ತಾರಸಿಯ ಅಂಚಿಗೆ ಬಂದು, ಬೀದಿಯಾಚೆ ಕೆಳಗಿದ್ದ ಮೂಲೆಮನೆಯ ಕಿಟಕಿಗೆ ಮುಖ ಮಾಡಿ ಕೂಗಿದರು. "ಏಣೀ! ಎದ್ದೇಳೋ! ಬೆಂಕಿ ಬಿದ್ದಿದೆ!"

ಮಂಚದಿಂದ ಬಿದ್ದ ಏಣಿ ಚಡ್ಡಿಯಲ್ಲೇ ಗಾಡಿ ಹತ್ತಿದ. ಠಾಣೆ ಯಾವತ್ತೂ ಅಷ್ಟು ಬೇಗ ಹೊರಟಿರಲಿಲ್ಲ. ಬಣವೆ ಉಳಿಯಿತು. ಸಾಹೇಬರು ಹೊಸ ಸೈರನ್ನಿಗೆ ಮೇಲಿನವರನ್ನು ಕೇಳಿಕೊಂಡಿದ್ದಾರೆ, ಮೇಲಿನವರು ಯೋಚಿಸುತ್ತಿದ್ದಾರೆ. ಅಲ್ಲಿಯ ತನಕ ಪರೇಡಿಗೆ, ಊಟಕ್ಕೆ, ಬೆಂಕಿಗೆ ಅತ್ತೆಯೇ ಕೂಗುತ್ತಾರೆ, ಪ್ರತಿ ಸಲವೂ ಮೂಲೆಮನೆಯ ಕಿಟಕಿಯ ಕಡೆಗೆ. ಏಣಿ ಕಿವಿಗೆ ಹತ್ತಿ ತುರುಕಿಕೊಂಡು, ಮನೆ ವಾಪಸ್ ತೊಗೊಳ್ಳಿ ಎಂದು ಮೂರು ಸಲ ಬಂದು ಬೇಡಿಕೊಂಡ. ಅತ್ತೆಯ ಬೆನ್ನ ಹಿಂದೆ ಉಳಿದ ಮೇಲಿನ ಕೋಣೆಯಲ್ಲಿ ಮಾತ್ರ ನಿಶ್ಶಬ್ದ. ಗಂಟೆಯಪ್ಪನ ಹೆಂಡತಿ ಮಧ್ಯಾಹ್ನ ಹೊದ್ದು ಮಲಗುತ್ತಾಳೆ, ಮೊದಲ ಬಾರಿಗೆ ಗಂಡನ ಜೊತೆ ಮೆಲ್ಲಗೆ ಮಾತಾಡುತ್ತಾಳೆ. "ಇಲ್ಲೇ ಇರೋಣ ರೀ" ಎಂದಳಂತೆ.

ಸಾಹೇಬರು ಖುದ್ದಾಗಿ ಮೆಟ್ಟಿಲು ಹತ್ತಿ ಬಂದು, ಅತ್ತೆಯವರು ಊರಿಗೆ ಹೋಗಕೂಡದು, ಇದು ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಎಂದು ಕೈ ಮುಗಿದು ಹೋದರು. ಬರುವಾಗ ಡೇರೆಯ ಗೆಡ್ಡೆ ಒಂದು ಬುಟ್ಟಿ ತಂದಿದ್ದರು.

ಅವರು ಇಳಿದು ಹೋದ ಮೇಲೆ ಗಂಟೆಯಪ್ಪ ತಾರಸಿಗೆ ಬಂದ. ತನಗೆ ಗೊತ್ತಿದ್ದ ಅತ್ಯಂತ ಸಣ್ಣ ದನಿಯಲ್ಲಿ ಕೇಳಿದ. "ಅತ್ತೆ, ಊರಿಗೆ ಯಾವಾಗ ಅಂತ..."

ಗೇಟಿನಿಂದ ಕಾವಲುಗಾರ, "ಈ ವಾರ ಬಸ್ಸಿಲ್ಲ ಕಣಣ್ಣಾ" ಎಂದ.

ಅತ್ತೆ ಗೆಡ್ಡೆ ಕಡಿಯುತ್ತಾ ಸೈರನ್ನಿನ ಕಡೆ ನೋಡಿದರು. "ಅವಸರ ಏನು ಅಳಿಯಂದಿರೇ? ಈ ಬಳ್ಳಿ ಕಾಯಿ ಬಿಡೋದು ನಿಲ್ಲಿಸ್ಲಿ, ಹೊರಡ್ತೀನಿ."

ಸೈರನ್ನಿನ ಬಾಯಿಯ ಅಂಚಿನಲ್ಲಿ ಹಳದಿಯ ಹೊಸ ಹೂವೊಂದು ಆಗಷ್ಟೇ ಅರಳಿ, ಊರನ್ನೆಲ್ಲ ನೋಡುತ್ತಿತ್ತು. ಅತ್ತೆ ಎದ್ದು ಹೋಗಿ ಅದನ್ನು ಮೂಸಿದರು. ತಿನ್ನಲಿಲ್ಲ.